ಸಕ್ಕರೆ ಕಡಿಮೆ, ಹಣ್ಣು ಹೆಚ್ಚು: ಮನೆಯಲ್ಲೇ ಟೊಮೆಟೊ ಕೆಚಪ್

ಮೊದಲ ಸಲ ಮನೆಯಲ್ಲಿ ಕೆಚಪ್ ಮಾಡಿದಾಗ ನಾನು ಎರಡು ತಪ್ಪು ಮಾಡಿದ್ದೆ. ಸಕ್ಕರೆ ಒಳ್ಳೆಯದಲ್ಲವೆಂದು ಅದನ್ನು ಪೂರ್ತಿ ಕೈಬಿಟ್ಟೆ. ವಿನೆಗರ್ ವಾಸನೆ ಮನೆಯವರಿಗೆ ಸೇರುವುದಿಲ್ಲವೆಂದು ಅದನ್ನೂ ಎರಡೇ ಚಮಚಕ್ಕೆ ಇಳಿಸಿದೆ. ಖಾಲಿಯಾದ ಜಾಮ್ ಬಾಟಲಿಗೆ ತುಂಬಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕಪಾಟಿನಲ್ಲಿಟ್ಟೆ. ಐದನೆಯ ದಿನ ಮುಚ್ಚಳ ತಿರುಗಿಸಿದರೆ ಗೋಲಿ ಸೋಡಾದಂತೆ ಬುಸ್ ಎಂದಿತು. ಮೇಲೆಲ್ಲ ಸಣ್ಣ ಗುಳ್ಳೆಗಳು, ಮೂಗಿಗೆ ಹುಳಿ ಮೀರಿದ ದೋಸೆ ಹಿಟ್ಟಿನ ವಾಸನೆ. ಎರಡು ಕಿಲೋ ಹಣ್ಣು, ಎರಡು ಗಂಟೆಯ ಗ್ಯಾಸು, ಎರಡೂ ಗೊಬ್ಬರದ ಗುಂಡಿಯ ಪಾಲಾದವು.

ಕೆಚಪ್‌ನೊಳಗಿನ ಸಕ್ಕರೆ ಬರೀ ರುಚಿಗೆ ಕುಳಿತಿಲ್ಲ, ಅದಕ್ಕೊಂದು ಕೆಲಸವಿದೆ ಎಂಬುದು ನನಗೆ ಅಂದು ಗೊತ್ತಾಯಿತು. ಅದು ಕೆಚಪ್ಪನ್ನು ಮಂದಗೊಳಿಸುತ್ತದೆ, ಕೆಡದಂತೆ ಕಾಯುತ್ತದೆ. ಅದನ್ನು ಕೆಲಸದಿಂದ ತೆಗೆಯುವುದಾದರೆ ಆ ಹೊರೆಯನ್ನು ಬೇರೆ ಯಾರಾದರೂ ಹೊರಲೇಬೇಕು. ಮಂದವಾಗಿಸುವ ಕೆಲಸವನ್ನು ಒಲೆಗೆ, ಕಾಯುವ ಕೆಲಸವನ್ನು ವಿನೆಗರ್ ಮತ್ತು ಫ್ರಿಜ್‌ಗೆ ಹಂಚಿಕೊಟ್ಟರೆ ಮನೆಯ ಕೆಚಪ್ ಆರೋಗ್ಯಕ್ಕೂ ಸರಿ, ನಾಲಿಗೆಗೂ ಸರಿ.

ಅಂಗಡಿಯ ಬಾಟಲಿಯಲ್ಲಿ ಏನಿದೆ?

ಮನೆಯಲ್ಲಿರುವ ಬಾಟಲಿಯನ್ನು ಒಮ್ಮೆ ತಿರುಗಿಸಿ ಹಿಂದಿನ ಚೀಟಿ ಓದಿ. ಸಾಮಾನ್ಯವಾಗಿ 100 ಗ್ರಾಂ ಕೆಚಪ್‌ನಲ್ಲಿ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಕೆಲವದರಲ್ಲಿ ಇನ್ನೂ ಹೆಚ್ಚು. ಅಂದರೆ ಒಂದು ದೊಡ್ಡ ಚಮಚ ಹಾಕಿಕೊಂಡರೆ ಸುಮಾರು ಒಂದು ಚಹಾ ಚಮಚದಷ್ಟು ಸಕ್ಕರೆ ತಟ್ಟೆಗೆ ಬಿತ್ತು. ಒಂದು ಬೋಂಡಾಕ್ಕೆ ಒಂದೇ ಚಮಚ ಹಾಕಿಕೊಳ್ಳುವ ಮಕ್ಕಳನ್ನು ನಾನಂತೂ ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ; ಅದರಲ್ಲೂ ಕೆಚಪ್ ತನ್ನ ಪಾಲು ಕೇಳುತ್ತದೆ. ಚೀಟಿಯಲ್ಲಿ 211 ಎಂದಿದ್ದರೆ ಅದು ಸೋಡಿಯಂ ಬೆಂಜೊಯೇಟ್, ಕೆಡದಂತೆ ತಡೆಯುವ ವಸ್ತು. 415 ಅಥವಾ 1422 ಎಂದಿದ್ದರೆ ಮಂದ ಬರಿಸುವ ಪದಾರ್ಥಗಳು. ಇವೆಲ್ಲ ಕಾನೂನು ಒಪ್ಪಿದ ಮಿತಿಯಲ್ಲಿಯೇ ಇರುತ್ತವೆ, ವಿಷವೆಂದು ಹೆದರಬೇಕಿಲ್ಲ. ನನ್ನ ತಕರಾರಿರುವುದು ಸಕ್ಕರೆಯ ಪ್ರಮಾಣದ ಬಗ್ಗೆ.

ಇಷ್ಟು ಸಕ್ಕರೆ ಏಕೆ ಬಂತು ಎನ್ನುವುದಕ್ಕೆ ಒಂದು ಕಥೆಯೂ ಇದೆ. ಕೆಚಪ್ ಎಂಬ ಹೆಸರು ಚೀನಾದ ದಕ್ಷಿಣ ಕರಾವಳಿಯ ಹೊಕ್ಕಿಯೆನ್ ಭಾಷೆಯಲ್ಲಿ ಹುಳಿಬರಿಸಿದ ಮೀನಿನ ರಸಕ್ಕಿದ್ದ ಹೆಸರಿನಿಂದ ಬಂತೆನ್ನುತ್ತಾರೆ. ಇಂಗ್ಲಿಷರು ಅದನ್ನು ಅಣಬೆಯಲ್ಲಿ, ಅಕ್ರೋಟಿನಲ್ಲಿ ಮಾಡಿದರು. ಟೊಮೆಟೊ ಸೇರಿದ್ದು ಅಮೆರಿಕದಲ್ಲಿ. 1812ರಲ್ಲಿ ಜೇಮ್ಸ್ ಮೀಸ್ ಎಂಬ ಫಿಲಡೆಲ್ಫಿಯಾದ ವೈದ್ಯ ಅದರ ವಿಧಾನವನ್ನು ಅಚ್ಚು ಹಾಕಿಸಿದ. 1906ರಲ್ಲಿ ಅಲ್ಲಿ ಶುದ್ಧ ಆಹಾರ ಕಾಯಿದೆ ಬಂದ ಹೊತ್ತಿಗೆ ಬೆಂಜೊಯೇಟ್ ಹಾಕಬೇಕೇ ಬೇಡವೇ ಎಂಬ ದೊಡ್ಡ ಜಗಳ ನಡೆಯುತ್ತಿತ್ತು. ಹೈಂಜ್ ಕಂಪನಿ ಬೆಂಜೊಯೇಟ್ ಬಿಟ್ಟು, ಚೆನ್ನಾಗಿ ಹಣ್ಣಾದ ಟೊಮೆಟೊ, ಹೆಚ್ಚು ವಿನೆಗರ್, ಹೆಚ್ಚು ಸಕ್ಕರೆಯ ದಾರಿ ಹಿಡಿಯಿತು. ರಾಸಾಯನಿಕ ಹೊರಗೆ ಹೋದಾಗ ಅದರ ಜಾಗಕ್ಕೆ ಸಕ್ಕರೆ ಬಂತು. ನಾವು ಇಂದು ತಿನ್ನುವ ಸಿಹಿ ಕೆಚಪ್ ಆ ವಂಶದ್ದು. ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ ನಿಲ್ಲಬೇಕಾದ ಬಾಟಲಿಗೆ ಅದು ಬೇಕು. ಮೂರು ವಾರದಲ್ಲಿ ಮುಗಿಯುವ ನಮ್ಮ ಬಾಟಲಿಗೆ ಅಷ್ಟೊಂದು ಬೇಡ.

ಹಣ್ಣು ಆರಿಸುವುದು

ನಮ್ಮ ಬೀದಿಯ ತರಕಾರಿಯವನು ಟೊಮೆಟೊ ಕೇಳಿದರೆ, ‘ಸಾರಿಗಾ ಅಕ್ಕಾ, ಪಲ್ಯಕ್ಕಾ?’ ಎಂದು ಮೊದಲು ವಿಚಾರಿಸುತ್ತಾನೆ. ಸಾರಿಗಾದರೆ ನಾಟಿ, ಪಲ್ಯಕ್ಕಾದರೆ ಫಾರಂ. ಕೆಚಪ್‌ಗೆ ಎರಡೂ ಬೇಕು. ಉತ್ತರ ಕರ್ನಾಟಕದವರು ಜವಾರಿ ಎನ್ನುವ ನಾಟಿ ಹಣ್ಣಿನಲ್ಲಿ ಹುಳಿ ಮತ್ತು ಘಮ ಹೆಚ್ಚು, ಆದರೆ ನೀರೂ ಹೆಚ್ಚು. ಅದನ್ನೇ ಪೂರ್ತಿ ಹಾಕಿದರೆ ಒಲೆಯ ಮುಂದೆ ಅರ್ಧ ದಿನ ನಿಲ್ಲಬೇಕು. ಮೊಟ್ಟೆಯಾಕಾರದ ಫಾರಂ ಹಣ್ಣಿನಲ್ಲಿ ತಿರುಳು ಗಟ್ಟಿ, ಬಣ್ಣ ಚೆಂದ, ರುಚಿ ಸಪ್ಪೆ. ನಾನು ಮೂರು ಪಾಲು ಫಾರಂ, ಒಂದು ಪಾಲು ನಾಟಿ ಹಾಕುತ್ತೇನೆ.

ಹಣ್ಣು ತುಂಬ ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ತುಸು ಬಾಗಬೇಕು. ಅರೆಗೆಂಪು ಹಣ್ಣು ತಂದಿದ್ದರೆ ಫ್ರಿಜ್‌ಗೆ ಹಾಕಬೇಡಿ, ತಂಪಿನಲ್ಲಿ ಅದು ಹಣ್ಣಾಗುವುದು ನಿಂತೇ ಹೋಗುತ್ತದೆ. ಕಾಗದದ ಮೇಲೆ ಹರಡಿ ಎರಡು ಮೂರು ದಿನ ಹೊರಗಿಡಿ. ಒಡೆದ, ನಜ್ಜಾದ ಹಣ್ಣನ್ನು ಅದೇ ದಿನ ಬಳಸುವುದಾದರೆ ತೊಂದರೆಯಿಲ್ಲ. ಬೂಸ್ಟು ಹಿಡಿದದ್ದನ್ನು ಮಾತ್ರ ಕತ್ತರಿಸಿ ಉಳಿಸಿಕೊಳ್ಳುವ ಆಸೆ ಬೇಡ, ಇಡಿಯಾಗಿ ಎಸೆಯಿರಿ.

ಮಾಡುವ ಸಮಯವನ್ನು ಮಾರುಕಟ್ಟೆಯೇ ಹೇಳುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಎಲ್ಲರ ಸಾರೂ ತೆಳುವಾಗಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ಕೋಲಾರದ ಮಾರುಕಟ್ಟೆಯಲ್ಲಿ ಹರಾಜಾಗುವುದು 15 ಕಿಲೋದ ಬಾಕ್ಸ್ ಲೆಕ್ಕದಲ್ಲಿ. ಬೆಲೆ ಬಿದ್ದಾಗ ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಒಂದು ಬಾಕ್ಸ್ ತಂದು ಹಂಚಿಕೊಂಡರೆ ಲಾಭ ಎಲ್ಲರಿಗೂ ಇದೆ.

ಬೇಕಾದ ಸಾಮಗ್ರಿ

ಹಣ್ಣು 2 ಕಿಲೋ. ಮಧ್ಯಮ ಗಾತ್ರದ ಈರುಳ್ಳಿ ಒಂದು, ಬೆಳ್ಳುಳ್ಳಿ ಆರು ಎಸಳು, ಹೆಬ್ಬೆರಳಿನ ತುದಿಯಷ್ಟು ಶುಂಠಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯಾದರೆ ಎರಡನ್ನೂ ಬಿಟ್ಟು ಒಂದು ಚಿಟಿಕೆ ಇಂಗು ಹಾಕಿ. ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿದ್ದು. ಬಟ್ಟೆಯಲ್ಲಿ ಗಂಟು ಕಟ್ಟಲು ಲವಂಗ ಐದು, ಬೆರಳುದ್ದದ ಚಕ್ಕೆ ಒಂದು, ಕಾಳುಮೆಣಸು ಹತ್ತು, ಜೀರಿಗೆ ಅರ್ಧ ಚಮಚ. ಬೆಲ್ಲ 50 ಗ್ರಾಂ. ಉಪ್ಪು 10 ಗ್ರಾಂ, ಅಂದರೆ ತಲೆ ತಟ್ಟಿದ ಎರಡು ಚಹಾ ಚಮಚಕ್ಕೆ ತುಸು ಕಡಿಮೆ. ವಿನೆಗರ್ ಆರು ದೊಡ್ಡ ಚಮಚ, ಸುಮಾರು 90 ಮಿಲಿ. ಎಣ್ಣೆ ಒಂದು ಚಮಚ. ಇಷ್ಟರಿಂದ ಸುಮಾರು 550ರಿಂದ 600 ಗ್ರಾಂ ಕೆಚಪ್ ಬರುತ್ತದೆ. ‘ಎರಡು ಕಿಲೋಗೆ ಇಷ್ಟೇನಾ?’ ಎಂದು ಬೇಸರವಾಗುತ್ತದೆ, ಗೊತ್ತು. ಟೊಮೆಟೊ ಹಣ್ಣಿನ ನೂರರಲ್ಲಿ ತೊಂಬತ್ತನಾಲ್ಕು ಪಾಲು ನೀರೇ ಇರುವಾಗ ಅಷ್ಟೇ.

ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ ಹಾಕಿದ ಕಾರಣಕ್ಕೆ ಇದು ಆರೋಗ್ಯಕರವಾಯಿತು ಎಂದುಕೊಳ್ಳಬೇಡಿ. ಬೆಲ್ಲವೂ ಸಕ್ಕರೆಯೇ, ಮಧುಮೇಹ ಇರುವವರ ರಕ್ತಕ್ಕೆ ಅದು ಬೇರೆ ನೆಂಟನಲ್ಲ. ಇಲ್ಲಿನ ಗಳಿಕೆ ಇರುವುದು ಪ್ರಮಾಣದಲ್ಲಿ. 600 ಗ್ರಾಂಗೆ 50 ಗ್ರಾಂ ಬೆಲ್ಲವೆಂದರೆ ಒಂದು ದೊಡ್ಡ ಚಮಚ ಕೆಚಪ್‌ನಲ್ಲಿ ನಾವು ಸೇರಿಸಿದ ಸಿಹಿ ಒಂದು ಕಾಲು ಗ್ರಾಂ ಮಾತ್ರ. ಉಳಿದ ಸಿಹಿ ಹಣ್ಣಿನದೇ. ಬೆಲ್ಲದ ಬದಲು ಬೀಜ ತೆಗೆದ ಎಂಟು ಖರ್ಜೂರ ನೆನೆಸಿ ಅರೆದು ಹಾಕಿದರೆ ನಾರಿನ ಅಂಶ ಸೇರುತ್ತದೆ, ಮಂದವೂ ಬರುತ್ತದೆ. ಬೆಲ್ಲವನ್ನೇ ಹಾಕುವವರು ಅಚ್ಚುಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ಕಲ್ಲು ಮರಳು ಇರುತ್ತದೆ. ಕಡು ಕಂದು ಬೆಲ್ಲ ಬೇಡ. ಒಮ್ಮೆ ಅದನ್ನು ಹಾಕಿ ಬಡಿಸಿದಾಗ ನನ್ನ ಅಕ್ಕನ ಮಗಳು ತಟ್ಟೆ ನೋಡಿ, ‘ಚಿಕ್ಕಮ್ಮಾ, ಇದು ಪುಳಿಯೋಗರೆ ಗೊಜ್ಜಲ್ಲವೇ?’ ಎಂದಳು.

ಬಣ್ಣಕ್ಕೆ ಬೀಟ್‌ರೂಟ್ ತುಂಡು ಹಾಕಿ ಎಂದು ಹಲವರು ಹೇಳುತ್ತಾರೆ. ನಾನು ಹಾಕಿ ನೋಡಿದ್ದೇನೆ, ಮತ್ತೆ ಹಾಕುವುದಿಲ್ಲ. ಅದರ ಬಣ್ಣ ಒಂದು ಗಂಟೆಯ ಕುದಿಗೆ ತಾಳದೆ ಮಂಕಾಗುತ್ತದೆ, ಮಣ್ಣಿನ ವಾಸನೆ ಮಾತ್ರ ಉಳಿಯುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಡುತ್ತದೆ, ಕುದಿಗೂ ಜಗ್ಗುವುದಿಲ್ಲ, ಖಾರವೂ ಸೌಮ್ಯ. ಇದಕ್ಕಿಂತ ಬೇರೆ ಬಣ್ಣ ಏಕೆ?

ಪಾತ್ರೆ ಅಗಲವಾದ, ದಪ್ಪ ತಳದ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ, ಹಿಂಡಾಲಿಯಂ, ಕಲಾಯಿ ಇಲ್ಲದ ಹಿತ್ತಾಳೆ, ಕಬ್ಬಿಣದ ಬಾಣಲೆ ಯಾವುದೂ ಬೇಡ. ಇಷ್ಟು ಹುಳಿ ಇಷ್ಟು ಹೊತ್ತು ಕುದಿದರೆ ಲೋಹ ಕೆಚಪ್‌ಗೆ ಇಳಿಯುತ್ತದೆ.

ಮೊದಲ ಹಂತ: ಕತ್ತರಿಸುವುದು ಮತ್ತು ಬೇಯಿಸುವುದು

ಪಾತ್ರೆ ಒಲೆಯ ಮೇಲಿಟ್ಟು ಎಣ್ಣೆ ಕಾಯಿಸಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ನೆನೆದ ಮೆಣಸಿನಕಾಯಿ ಹಾಕಿ ಬಾಡಿಸಿ. ಈರುಳ್ಳಿ ಕೆಂಪಗಾಗುವುದು ಬೇಡ, ಮೆತ್ತಗಾದರೆ ಸಾಕು. ಆ ಒಂದು ಚಮಚ ಎಣ್ಣೆಯನ್ನು ಉಳಿಸಲು ಹೋಗಬೇಡಿ. ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಬೆಂದ ಹಣ್ಣಿನಿಂದ, ತುಸು ಎಣ್ಣೆಯ ಜೊತೆಗೆ, ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಸಿ ಜೀವಸತ್ವ ಮಾತ್ರ ಕುದಿಯಲ್ಲಿ ಕಡಿಮೆಯಾಗುತ್ತದೆ. ಅದಕ್ಕೆ ಕೋಸಂಬರಿ ಇದೆಯಲ್ಲ.

ಇನ್ನು ಟೊಮೆಟೊ. ತೊಟ್ಟಿನ ಗಟ್ಟಿ ಭಾಗ ತೆಗೆದು ನಾಲ್ಕು ಹೋಳು ಮಾಡಿ, ಮಾಡಿದ ಹಾಗೆ ನೇರ ಬಿಸಿ ಪಾತ್ರೆಗೇ ಹಾಕುತ್ತಾ ಹೋಗಿ. ಮೊದಲೇ ಎಲ್ಲ ಕತ್ತರಿಸಿ ಪಾತ್ರೆಯಲ್ಲಿ ಗುಡ್ಡೆ ಹಾಕಿಟ್ಟುಕೊಳ್ಳಬೇಡಿ, ಹಸಿಯಾಗಿ ಮಿಕ್ಸಿಗಂತೂ ಹಾಕಲೇಬೇಡಿ. ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟು ಇದೆ, ಕೆಚಪ್‌ಗೆ ಮೈ ಕೊಡುವುದು ಅದೇ. ಹಣ್ಣು ಕತ್ತರಿಸಿದೊಡನೆ ಅದರೊಳಗಿನ ಕಿಣ್ವಗಳು ಈ ಪೆಕ್ಟಿನ್ನನ್ನು ಒಡೆಯತೊಡಗುತ್ತವೆ. ಬೇಗ ಬಿಸಿ ತಾಗಿದರೆ ಕಿಣ್ವಗಳು ಸೋಲುತ್ತವೆ, ಅಂಟು ಉಳಿಯುತ್ತದೆ. ಕಾರ್ಖಾನೆಗಳೂ ಹಣ್ಣು ಜಜ್ಜಿದ ಕ್ಷಣವೇ ತೊಂಬತ್ತು ಡಿಗ್ರಿ ದಾಟಿಸುವುದು ಇದಕ್ಕೇ. ನನ್ನ ಕೆಚಪ್ ಮೊದಮೊದಲು ತಟ್ಟೆಯಲ್ಲಿ ಒಂದು ಕಡೆ ನೀರು, ಒಂದು ಕಡೆ ತಿರುಳಾಗಿ ಬೇರ್ಪಡುತ್ತಿತ್ತು. ಕತ್ತರಿಸುವ ಕ್ರಮ ಬದಲಾಯಿಸಿದ ಮೇಲೆ ಆ ಕಾಟ ತಪ್ಪಿತು.

ಬೀಜ, ಅದರ ಸುತ್ತಲಿನ ಲೋಳೆ ಯಾವುದನ್ನೂ ಈಗ ತೆಗೆಯಬೇಡಿ. ಟೊಮೆಟೊದ ನಿಜವಾದ ರುಚಿ ಇರುವುದು ಆ ಲೋಳೆಯಲ್ಲಿ. ದೊಡ್ಡ ಉರಿಯಲ್ಲಿ ಮುಚ್ಚಿ ಬೇಯಿಸಿ. ನೀರು ಹಾಕುವುದು ಬೇಡ. ಐದು ನಿಮಿಷದಲ್ಲಿ ಹಣ್ಣೇ ನೀರು ಬಿಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಸಿಪ್ಪೆಗಳು ಸುರುಳಿ ಸುತ್ತಿಕೊಂಡು ಬೇರೆಯಾಗಿರುತ್ತವೆ.

ಎರಡನೇ ಹಂತ: ಅರೆದು ಸೋಸುವುದು

ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಮುಚ್ಚಳ ಹಾರಿ ಗೋಡೆಗೆಲ್ಲ ಹೋಳಿ ಹಬ್ಬವಾಗುತ್ತದೆ. ಉಗುರುಬೆಚ್ಚಗಾಗುವವರೆಗೆ ಕಾಯಿರಿ. ಮಿಕ್ಸಿಯನ್ನು ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ನುಣ್ಣಗೆ ಅರೆದರೆ ಬೀಜ ಪುಡಿಯಾಗಿ ಒಗರು, ಕಹಿ ಬರುತ್ತದೆ. ಆಮೇಲೆ ಜರಡಿಗೆ ಸುರಿದು ಸೌಟಿನ ಬೆನ್ನಿನಿಂದ ಉಜ್ಜಿ. ಈ ಹಂತದಲ್ಲಿ ತಾಳ್ಮೆ ಇರಲಿ. ಜರಡಿಯ ಅಡಿಯಲ್ಲಿ ಅಂಟಿಕೊಂಡ ದಪ್ಪ ತಿರುಳನ್ನು ಕೆರೆದು ತೆಗೆದುಕೊಳ್ಳಿ, ಎಲ್ಲಕ್ಕಿಂತ ಬೆಲೆಬಾಳುವುದು ಅದು. ಜರಡಿಯೊಳಗೆ ಒಣಗಿದಂಥ ಸಿಪ್ಪೆ, ಬೀಜ ಮಾತ್ರ ಉಳಿಯಬೇಕು. ಅದನ್ನು ಎಸೆಯಬೇಡಿ, ಕೆಲಸವಿದೆ.

ಮೂರನೇ ಹಂತ: ಬತ್ತಿಸುವುದು

ಗೊಜ್ಜು, ತೊಕ್ಕು ಮಾಡಿ ಗೊತ್ತಿರುವ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೂ ಹೇಳುತ್ತೇನೆ, ಕೆಚಪ್ ಗೆಲ್ಲುವುದೋ ಸೋಲುವುದೋ ಇಲ್ಲಿಯೇ.

ಸೋಸಿದ ರಸವನ್ನು ಅಗಲ ಪಾತ್ರೆಗೆ ಹಾಕಿ ಮಸಾಲೆಯ ಗಂಟನ್ನು ಅದರಲ್ಲಿ ಮುಳುಗುವಂತೆ ಇಳಿಬಿಡಿ, ದಾರದ ತುದಿಯನ್ನು ಪಾತ್ರೆಯ ಹಿಡಿಗೆ ಕಟ್ಟಿ. ಪುಡಿ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಗಂಟಾದರೆ ಘಮ ಮಾತ್ರ ಇಳಿಯುತ್ತದೆ. ಮೊದಲ ಅರ್ಧ ಗಂಟೆ ಉರಿ ದೊಡ್ಡದಿರಲಿ, ಆಗಾಗ ಕೈಯಾಡಿಸಿದರೆ ಸಾಕು. ಆಗ ರಸ ಸಾರಿನ ಹಾಗೆ ಕೊತಕೊತ ಕುದಿಯುತ್ತಿರುತ್ತದೆ. ಅದು ಅರ್ಧಕ್ಕೆ ಇಳಿದ ಮೇಲೆ ಸದ್ದು ಬದಲಾಗುತ್ತದೆ. ಒಂದೊಂದೇ ದೊಡ್ಡ ಗುಳ್ಳೆ ಎದ್ದು ‘ಪ್ಳಕ್’ ಎಂದು ಒಡೆದು ಕೈಗೆ, ಗೋಡೆಗೆ ಸಿಡಿಯುತ್ತದೆ. ಈ ಸದ್ದು ಕೇಳಿದೊಡನೆ ಉರಿ ಸಣ್ಣ ಮಾಡಿ, ಪಾತ್ರೆಯ ಮೇಲೆ ಜಾಲರಿಯ ತಟ್ಟೆ ಮುಚ್ಚಿ, ಉದ್ದ ಹಿಡಿಯ ಸೌಟು ಹಿಡಿಯಿರಿ. ಇನ್ನು ಒಲೆ ಬಿಟ್ಟು ಹೋಗುವಂತಿಲ್ಲ. ಫೋನ್ ಬಂದರೆ ಬರಲಿ. ತಳ ಹಿಡಿದರೆ ಆ ಸೀದ ವಾಸನೆ ಇಡೀ ಪಾತ್ರೆಗೆ ಹಬ್ಬುತ್ತದೆ, ಯಾವ ಮಸಾಲೆಯೂ ಅದನ್ನು ಮುಚ್ಚಲಾರದು.

ಹದ ನೋಡಲು ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿಟ್ಟಿರಿ. ಅದರ ಮೇಲೆ ಅರ್ಧ ಚಮಚ ಕೆಚಪ್ ಹಾಕಿ ಒಂದು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಕಟ್ಟಿದರೆ ಇನ್ನೂ ಬತ್ತಬೇಕು. ಉಂಗುರವಿಲ್ಲದೆ ಗುಪ್ಪೆಯಾಗಿ ನಿಂತು, ತಟ್ಟೆ ಓರೆ ಮಾಡಿದಾಗ ಸೋಮಾರಿಯಂತೆ ಜಾರಿದರೆ ಹದ ಬಂದಿದೆ. ಬೇಕಾದ ಹದಕ್ಕಿಂತ ಒಂದು ಕೂದಲೆಳೆ ಗಟ್ಟಿಯಾಗಲಿ. ವಿನೆಗರ್ ಇನ್ನೂ ಬರಬೇಕಿದೆ. ಅವಸರಕ್ಕೆ ಕಾರ್ನ್‌ಫ್ಲೋರ್ ಕಲಸಿ ಹಾಕುವ ದಾರಿ ಇದೆ, ನನಗದು ಹಿಡಿಸದು. ನಾಲ್ಕು ದಿನಕ್ಕೆ ನೀರು ಬಿಟ್ಟುಕೊಳ್ಳುತ್ತದೆ, ನಾಲಿಗೆಗೂ ಗಂಜಿಯ ಜಿಗುಟು.

ನಾಲ್ಕನೇ ಹಂತ: ಬೆಲ್ಲ, ಉಪ್ಪು, ವಿನೆಗರ್

ಮೂರನ್ನೂ ಕೊನೆಗೇ ಹಾಕಬೇಕು. ಬೆಲ್ಲ ಮೊದಲೇ ಬಿದ್ದರೆ ತಳ ಹಿಡಿಯುತ್ತದೆ, ಬಣ್ಣ ಕಂದುತ್ತದೆ. ಉಪ್ಪು ಮೊದಲೇ ಹಾಕಿದರೆ ರಸ ಬತ್ತಿದಂತೆ ಅದು ಏರುತ್ತಾ ಹೋಗುತ್ತದೆ. ವಿನೆಗರ್ ಮೊದಲೇ ಹಾಕಿದರೆ ಅದರ ಹುಳಿ ಆವಿಯ ಜೊತೆ ಅಡುಗೆಮನೆಗೆ ಹಾರಿ, ಕಾಯುವ ಶಕ್ತಿ ಬಾಟಲಿಗೆ ಉಳಿಯುವುದಿಲ್ಲ. ಮಸಾಲೆಯ ಗಂಟನ್ನು ಹಿಂಡಿ ತೆಗೆದು, ಬೆಲ್ಲದ ನೀರು, ಉಪ್ಪು ಸೇರಿಸಿ ಎರಡು ನಿಮಿಷ, ವಿನೆಗರ್ ಸೇರಿಸಿ ಐದು ನಿಮಿಷ ಕುದಿಸಿ.

ಬೆಲ್ಲವನ್ನು ನಿಮ್ಮ ಇಷ್ಟದಂತೆ ಇನ್ನೂ ಕಡಿಮೆ ಮಾಡಿಕೊಳ್ಳಿ, ಉಪ್ಪನ್ನೂ ತುಸು ಇಳಿಸಬಹುದು. ವಿನೆಗರ್ ಅಳತೆಯನ್ನು ಮಾತ್ರ ಮುಟ್ಟಬೇಡಿ. ಟೊಮೆಟೊದ ಆಮ್ಲತೆ ಪಿಎಚ್ ಲೆಕ್ಕದಲ್ಲಿ 4.3ರಿಂದ 4.9ರವರೆಗೆ ತೂಗಾಡುತ್ತದೆ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ಅತಿ ಹಣ್ಣಾದದ್ದರಲ್ಲಿ ಹುಳಿ ಕಡಿಮೆ. ಮುಚ್ಚಿದ ಬಾಟಲಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟದಿರಲು ಈ ಪಿಎಚ್ 4.6ಕ್ಕಿಂತ ಕೆಳಗಿರಬೇಕು. ಕಾರ್ಖಾನೆಯ ಕೆಚಪ್‌ನಲ್ಲೂ ಕನಿಷ್ಠ ಶೇ 1ರಷ್ಟು ಆಮ್ಲತೆ ಇರಲೇಬೇಕೆಂದು ನಮ್ಮ ಆಹಾರ ನಿಯಮವಿದೆ. ವಿನೆಗರ್ ಕೊಳ್ಳುವಾಗ ಬಾಟಲಿಯ ಮೇಲೆ ‘ಸಿಂಥೆಟಿಕ್’ ಎಂದಿದ್ದರೆ ಅದು ಅಸೆಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಕೆಲಸ ಮಾಡುತ್ತದೆ, ಘಾಟು ಜಾಸ್ತಿ. ಹುದುಗಿಸಿ ಮಾಡಿದ ವಿನೆಗರ್ ಸಿಕ್ಕರೆ ರುಚಿ ಮೃದು. ಎರಡರಲ್ಲಿ ಯಾವುದಾದರೂ ಶೇ 4ರ ಆಮ್ಲ ಇರುವುದನ್ನು ನೋಡಿ ತನ್ನಿ. ನಿಂಬೆರಸದಲ್ಲಿ ಮಾಡುವವರು ಒಲೆ ಆರಿಸಿದ ಮೇಲೆ ಹಾಕಿ, ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಹುಣಸೆಹುಳಿ ಹಾಕಿದರೆ ಅದು ಗೊಜ್ಜು, ಒಳ್ಳೆಯ ಗೊಜ್ಜೇ, ಆದರೆ ಕೆಚಪ್ ಅಲ್ಲ.

ಬಿಸಿಯಲ್ಲಿ ರುಚಿ ನೋಡಿದರೆ ವಿನೆಗರ್ ಮೂಗಿಗೆ ಹೊಡೆಯುತ್ತದೆ. ಗಾಬರಿಯಾಗಿ ಬೆಲ್ಲ ಸುರಿಯಬೇಡಿ. ಎರಡು ದಿನ ಕಳೆದರೆ ಘಾಟು ಇಳಿದು ಎಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತದೆ.

ತುಂಬುವುದು, ಇಡುವುದು

ಗಾಜಿನ ಬಾಟಲಿ, ಮುಚ್ಚಳಗಳನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು, ಕುದಿ ಬಂದ ಮೇಲೆ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸಿ. ಬಾಟಲಿ ಬಿಸಿ ಇರುವಾಗಲೇ ಬಿಸಿ ಕೆಚಪ್ ತುಂಬಿ. ತಣ್ಣಗಿನ ಗಾಜಿಗೆ ಸುರಿದರೆ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಬೇಡ. ಒಂದೇ ದೊಡ್ಡ ಬಾಟಲಿಗಿಂತ ಮೂರು ಚಿಕ್ಕವು ಮೇಲು, ಒಂದನ್ನು ತೆಗೆದು ಮುಟ್ಟುತ್ತಿದ್ದರೂ ಉಳಿದೆರಡು ಮುಚ್ಚಿರುತ್ತವೆ. ಆರಿದ ಮೇಲೆ ಫ್ರಿಜ್‌ಗೆ. ಕಪಾಟಿನಲ್ಲಿಡುವ ಧೈರ್ಯ ಮಾಡಬೇಡಿ, ನನ್ನ ಜಾಮ್ ಬಾಟಲಿಯನ್ನು ನೆನೆಸಿಕೊಳ್ಳಿ. ಒಣ ಚಮಚ ಬಳಸಿದರೆ ಮೂರು ವಾರ ನಿಶ್ಚಿಂತೆ. ಹೆಚ್ಚು ಮಾಡಿದ್ದರೆ ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಮೂರು ತಿಂಗಳಿಗೂ ಒಂದೊಂದೇ ಬಿಲ್ಲೆ ತೆಗೆಯಬಹುದು. ಬೂಸ್ಟಿನ ಒಂದು ಚುಕ್ಕೆ ಕಂಡರೂ, ಗುಳ್ಳೆ ಎದ್ದರೂ, ಮುಚ್ಚಳ ಉಬ್ಬಿದರೂ ರುಚಿ ನೋಡಲು ಹೋಗದೆ ಇಡೀ ಬಾಟಲಿ ಎಸೆಯಿರಿ.

ತಣ್ಣಗಾದ ಮೇಲೂ ತೆಳುವಾಗಿದ್ದರೆ ಮತ್ತೆ ಪಾತ್ರೆಗೆ ಹಾಕಿ ಬತ್ತಿಸಿ, ಕೊನೆಗೆ ಒಂದು ಚಮಚ ವಿನೆಗರ್ ಸೇರಿಸಿ. ತುಂಬ ಗಟ್ಟಿಯಾದರೆ ಕುದಿಸಿದ ನೀರು ಎರಡು ಚಮಚ ಹಾಕಿ ಒಂದು ಕುದಿ ಬರಿಸಿ. ಅಂಗಡಿಯದರ ಹೊಳಪು ಇದಕ್ಕೆ ಬರುವುದಿಲ್ಲ. ಸಿಹಿಗೆ ಒಗ್ಗಿದ ಮಕ್ಕಳು ಮೊದಲ ದಿನ ಮುಖ ಸಿಂಡರಿಸುತ್ತಾರೆ. ಮೊದಲ ಸಲ ಮಾಡುವಾಗ 80 ಗ್ರಾಂ ಬೆಲ್ಲ ಹಾಕಿ, ಮುಂದಿನ ಸಲ 60, ಅದರ ಮುಂದಿನ ಸಲ 50 ಎಂದು ಇಳಿಸುತ್ತಾ ಬನ್ನಿ. ನಮ್ಮ ಮನೆಯಲ್ಲಿ ಯಾರಿಗೂ ಹೇಳದೆಯೇ ಇದು ನಡೆದುಹೋಯಿತು.

ಜರಡಿಯಲ್ಲಿ ಉಳಿದ ಸಿಪ್ಪೆ, ಬೀಜ ಇನ್ನೂ ಅಲ್ಲೇ ಇದೆಯಲ್ಲ. ಎರಡು ಚಮಚ ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು ಸಿಡಿಸಿ, ಅದನ್ನು ಹಾಕಿ, ಅಚ್ಚಖಾರದ ಪುಡಿ, ಉಪ್ಪು, ತುಸು ಹುಣಸೆಹಣ್ಣಿನ ರಸ ಸೇರಿಸಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಒಂದು ಬಟ್ಟಲೂ ಆಗುವುದಿಲ್ಲ. ಒಲೆಯ ಮುಂದೆ ಒಂದೂವರೆ ಗಂಟೆ ನಿಂತವರು ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನಲು ಅಷ್ಟು ಸಾಕು. ಉಳಿದವರಿಗೆ ಕೆಚಪ್ ಇದೆ.